ಫ್ಯಾನ್ ಹಾಕುವ ಮೊದಲು ಬರೆದ ಸಂಖ್ಯೆ

ಏಪ್ರಿಲ್ ತಿಂಗಳು, ಬೆಳಗಿನ ಹನ್ನೊಂದರ ಹೊತ್ತು. ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಚಿಗರಿ ಬಸ್ಸಿನಿಂದ ಇಳಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎಂಜಿನಿಯರಿಂಗ್ ಕಾಲೇಜೊಂದರ ಹಿಂಬದಿಯ ಕಟ್ಟಡಕ್ಕೆ ಬಂದಿದ್ದೀರಿ. ಲ್ಯಾಬಿನ ಬಾಗಿಲು ದಾಟಿದರೆ ಎದುರಿಗೇ ವಿಂಡ್ ಟನಲ್ ಉದ್ದಕ್ಕೆ ಮಲಗಿದೆ. ಈ ಕಡೆ ಅಗಲವಾದ ಚೌಕ ಬಾಯಿ, ಬಾಯಿಗೆ ಜೇನುಗೂಡು ಜಾಲರಿ. ಒಳಗೆ ಹೋದಂತೆ ಕಿರಿದಾಗಿ, ನಡುವೆ 600 ಮಿ.ಮೀ. ಚೌಕದ ಗಾಜಿನ ಕೋಣೆ. ಅಲ್ಲಿಂದ ಮತ್ತೆ ಹಿಗ್ಗುತ್ತ ಹೋಗಿ ಆ ತುದಿಯಲ್ಲಿ ದೊಡ್ಡ ಫ್ಯಾನ್. ಈ ಫ್ಯಾನ್ ಗಾಳಿಯನ್ನು ದೂಡುವುದಿಲ್ಲ, ಎಳೆಯುತ್ತದೆ. ದೂಡಿದ ಗಾಳಿಯಲ್ಲಿ ಸುಳಿ ಹೆಚ್ಚು, ಎಳೆದ ಗಾಳಿ ನೆಟ್ಟಗೆ ಬರುತ್ತದೆ.

ಗಾಜಿಗೆ ಮುಖ ಹಚ್ಚಿ ನೋಡಿ. ಒಳಗೆ ಉಕ್ಕಿನ ಸರಳೊಂದರ ತುದಿಗೆ ಕಪ್ಪು ಬಣ್ಣದ ರೆಕ್ಕೆ ಕೂತಿದೆ. ತುದಿಯಿಂದ ತುದಿಗೆ 400 ಮಿ.ಮೀ., ಅಗಲ 100. ಥ್ರೀಡಿ ಪ್ರಿಂಟರಿನಲ್ಲಿ ತೆಗೆದು, ಪುಟ್ಟಿ ಹಚ್ಚಿ, ವಾಟರ್ ಪೇಪರಿನಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ್ದಾರೆ. ಅಡ್ಡಕೊಯ್ತದ ಆಕಾರ ನಾಕಾ 0012. ಮೊದಲ ಎರಡು ಸೊನ್ನೆ ಎಂದರೆ ಮೇಲ್ಮೈಗೂ ಕೆಳಮೈಗೂ ಒಂದೇ ಬಾಗು, ಕೊನೆಯ 12 ಎಂದರೆ ದಪ್ಪ ಅಗಲದ ಶೇ 12. ಸರಳಿನ ಬುಡದಲ್ಲಿ ಬ್ಯಾಲೆನ್ಸ್ ಇದೆ. ರೆಕ್ಕೆಯನ್ನು ಗಾಳಿ ಎಷ್ಟು ಮೇಲಕ್ಕೆತ್ತುತ್ತದೆ (ಇದೇ ಲಿಫ್ಟ್), ಎಷ್ಟು ಹಿಂದಕ್ಕೆ ಎಳೆಯುತ್ತದೆ ಎಂಬುದನ್ನು ಅದು ನ್ಯೂಟನ್ ಲೆಕ್ಕದಲ್ಲಿ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ.

ಫ್ಯಾನಿನ ಸ್ವಿಚ್ ಹತ್ತಿರ ಲ್ಯಾಬಿನ ಕಾಕಾ ನಿಂತಿದ್ದಾರೆ. ಗದಗದ ಕಡೆಯ ಹುಡುಗನೊಬ್ಬ ಅವಸರದಲ್ಲಿದ್ದಾನೆ. “ಕಾಕಾ, ಚಾಲೂ ಮಾಡ್ರಿ.”

“ತಡಿ ತಮ್ಮಾ,” ಎನ್ನುತ್ತಾರೆ ಮೇಷ್ಟ್ರು. “ಫ್ಯಾನ್ ಆಮ್ಯಾಲ. ಮೊದ್ಲು ಬೋರ್ಡ್ ಮ್ಯಾಲ ನಂಬರ್ ಬರೀರಿ.”

ಬಿಳಿ ಬೋರ್ಡಿನ ಮೇಲೆ ಎರಡೇ ಕಾಲಂ. ಒಂದಕ್ಕೆ ‘ಲೆಕ್ಕ’, ಇನ್ನೊಂದಕ್ಕೆ ‘ಅಳತೆ’. ಎರಡನೆಯದು ಖಾಲಿ ಇರುವಾಗಲೇ ಮೊದಲನೆಯದು ತುಂಬಬೇಕು, ತುಂಬಿದ ಮೇಲೆ ಒರೆಸುವಂತಿಲ್ಲ. ಈ ಲ್ಯಾಬಿನ ನಿಯಮ ಇಷ್ಟೇ. ಆಕಾಶದಲ್ಲಿ ಹಾರುವ ಯಾವುದನ್ನೇ ಕಟ್ಟುವವರಿಗೂ ಇದಕ್ಕಿಂತ ದೊಡ್ಡ ನಿಯಮ ಇಲ್ಲ ಎಂದು ನಾನು ನಂಬುತ್ತೇನೆ. ಅಳತೆ ಕಂಡ ಮೇಲೆ ಹೊಂದಿಸಿದ ಲೆಕ್ಕ ಸಮಾಧಾನ ಕೊಡಬಹುದು, ಆದರೆ ವಿಮಾನ ಹತ್ತುವವನಿಗೆ ಭರವಸೆ ಕೊಡಲಾರದು. ಅಳತೆಗೆ ಮುಂಚೆ ನಿಂತು, ತಪ್ಪಾದರೆ ತಪ್ಪೆಂದು ಎಲ್ಲರಿಗೂ ಕಾಣುವಂತೆ ಬರೆದ ಲೆಕ್ಕಕ್ಕೆ ಮಾತ್ರ ಆ ಯೋಗ್ಯತೆ.

ಗದಗದ ಹುಡುಗ ಮಾರ್ಕರ್ ಹಿಡಿದ. ಗಾಳಿಯ ವೇಗ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ರೆಕ್ಕೆಯನ್ನು ಗಾಳಿಗೆ ಒಡ್ಡುವ ಕೋನ 6 ಡಿಗ್ರಿ. ಸೂತ್ರ ಅವನಿಗೆ ಬಾಯಿಪಾಠ: ಗಾಳಿಯ ಸಾಂದ್ರತೆಯ ಅರ್ಧ, ವೇಗದ ವರ್ಗ, ರೆಕ್ಕೆಯ ವಿಸ್ತೀರ್ಣ, ಕೊನೆಗೆ ಲಿಫ್ಟ್ ಗುಣಾಂಕ, ಎಲ್ಲವನ್ನೂ ಗುಣಿಸಬೇಕು. ತೆಳು ರೆಕ್ಕೆಯ ಸಿದ್ಧಾಂತದ ಪ್ರಕಾರ 6 ಡಿಗ್ರಿಗೆ ಗುಣಾಂಕ 0.658. ಕ್ಯಾಲ್ಕ್ಯುಲೇಟರ್ ಒತ್ತಿ ಬರೆದ: 10.1 ನ್ಯೂಟನ್. ಒಂದು ಕಿಲೋಗಿಂತ ತುಸು ಹೆಚ್ಚಿನ ಭಾರ ಎತ್ತುವಷ್ಟು.

ಕುಂದಗೋಳದ ಹುಡುಗಿಯೊಬ್ಬಳು ಕೇಳಿದಳು. “ಗಾಳಿ ಎಲ್ಲೀದು ಹಿಡದೀಪಾ?”

“ಪುಸ್ತಕದ್ದು. 1.225.”

“ಅದು ಸಮುದ್ರದ ದಂಡೀ ಗಾಳಿ. ನಾವಿರೂದು ಹುಬ್ಬಳ್ಯಾಗ.”

ಅವಳು ನಿಮ್ಮನ್ನೂ ಸೇರಿಸಿ ಎಲ್ಲರನ್ನೂ ಗೋಡೆಯ ಹತ್ತಿರ ಕರೆದೊಯ್ಯುತ್ತಾಳೆ. ಅಲ್ಲಿ ಪಾದರಸದ ಬ್ಯಾರೋಮೀಟರ್ ತೂಗುಹಾಕಿದೆ. ಹೊಳೆಯುವ ಕಂಬದ ತಲೆಗೆ ಸರಿಯಾಗಿ ಕಣ್ಣಿಟ್ಟು ಓದಬೇಕು, ಮೇಲಿಂದಲೋ ಕೆಳಗಿಂದಲೋ ಓದಿದರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ. ನೀವೂ ಮೊಣಕಾಲು ಬಗ್ಗಿಸಿ ಓದುತ್ತೀರಿ: 703 ಮಿ.ಮೀ. ಸಮುದ್ರಮಟ್ಟದಲ್ಲಿ ಇದೇ ಕಂಬ 760ರ ಆಸುಪಾಸು ನಿಲ್ಲುತ್ತದೆ. ಹುಬ್ಬಳ್ಳಿ ವಿಮಾನ ನಿಲ್ದಾಣದ ಎತ್ತರ 662 ಮೀಟರ್, ಧಾರವಾಡ ಇನ್ನೂ ಮೇಲೆ. ಲ್ಯಾಬಿನ ಉಷ್ಣತೆ 33 ಡಿಗ್ರಿ. ಒತ್ತಡ ಕಡಿಮೆ, ಶಾಖ ಹೆಚ್ಚು, ಹೀಗಾಗಿ ಗಾಳಿ ತೆಳು. ಲೆಕ್ಕ ಹಾಕಿದರೆ ಘನಮೀಟರಿಗೆ 1.067 ಕಿಲೋ. ಪುಸ್ತಕದ ಗಾಳಿಗಿಂತ ಶೇ 13ರಷ್ಟು ಹಗುರ. ಬೇಸಗೆಯ ಮಧ್ಯಾಹ್ನ ಎತ್ತರದ ಊರಿನಿಂದ ಏರುವ ವಿಮಾನ ರನ್‌ವೇಯಲ್ಲಿ ಹೆಚ್ಚು ದೂರ ಓಡಬೇಕಾಗುವುದು ಇದೇ ಕಾರಣಕ್ಕೆ.

10.1ರ ಮೇಲೆ ಅಡ್ಡಗೆರೆ ಬಿತ್ತು. ಒರೆಸಲಿಲ್ಲ. ಕೆಳಗೆ ಬರೆದರು: 8.77.

ಮೇಷ್ಟ್ರು ಸ್ವಿಚ್ಚಿನ ಕಡೆ ಇನ್ನೂ ಕೈ ತೋರಿಸುತ್ತಿಲ್ಲ. “ಈ ಸೂತ್ರದಾಗಿನ ರೆಕ್ಕಿಗೆ ತುದಿ ಐತೇನು?”

ಹುಡುಗರು ಗಾಜಿನ ಕಡೆ ತಿರುಗುತ್ತಾರೆ. ತೆಳು ರೆಕ್ಕೆಯ ಸಿದ್ಧಾಂತದಲ್ಲಿ ರೆಕ್ಕೆ ಎರಡೂ ಕಡೆ ಕೊನೆಯಿಲ್ಲದೆ ಚಾಚಿರುತ್ತದೆ. ಗಾಜಿನ ಕೋಣೆಯೊಳಗಿನ ರೆಕ್ಕೆಗೆ ಎರಡು ತುದಿ ಇವೆ. ಕೆಳಮೈಯಲ್ಲಿ ಒತ್ತಡ ಹೆಚ್ಚು, ಮೇಲ್ಮೈಯಲ್ಲಿ ಕಡಿಮೆ. ಹೊಲದಲ್ಲಿ ನಿಂತ ನೀರು ಬದುವಿನ ಕೊನೆ ಸಿಕ್ಕಲ್ಲಿ ಸುತ್ತಿಕೊಂಡು ತಗ್ಗಿಗೆ ನುಗ್ಗುವಂತೆ, ಕೆಳಗಿನ ಗಾಳಿ ತುದಿಯನ್ನು ಸುತ್ತಿ ಮೇಲಕ್ಕೆ ಹರಿಯುತ್ತದೆ. ಎರಡೂ ತುದಿಗಳಲ್ಲಿ ಸುಳಿ ಹುಟ್ಟಿ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಆ ಸುಳಿಗಳು ರೆಕ್ಕೆಯ ಮೇಲೆ ಬರುವ ಗಾಳಿಯನ್ನೇ ಸ್ವಲ್ಪ ಕೆಳಕ್ಕೆ ತಿರುಗಿಸುತ್ತವೆ. 6 ಡಿಗ್ರಿಗೆ ಒಡ್ಡಿದ ರೆಕ್ಕೆ ನಿಜವಾಗಿ ಅದಕ್ಕಿಂತ ಕಡಿಮೆ ಕೋನವನ್ನು ಅನುಭವಿಸುತ್ತದೆ. ರೆಕ್ಕೆ ಗಿಡ್ಡವಾದಷ್ಟೂ ಈ ನಷ್ಟ ಹೆಚ್ಚು. ನಮ್ಮ ರೆಕ್ಕೆಯ ಉದ್ದ ಅಗಲದ ನಾಲ್ಕು ಪಟ್ಟು ಮಾತ್ರ, ಹಾಗಾಗಿ ಲಿಫ್ಟ್ ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ.

ಈ ನಷ್ಟಕ್ಕೆ ಲೆಕ್ಕ ಕೊಟ್ಟವರು ಜರ್ಮನಿಯ ಗ್ಯೋಟಿಂಗೆನ್‌ನ ಲುಡ್ವಿಗ್ ಪ್ರಾಂಟ್ಲ್, ಮೊದಲ ಮಹಾಯುದ್ಧದ ಕಾಲದಲ್ಲಿ. ಆ ಹೆಸರು ಕೇಳಿದಾಗ ನಮ್ಮ ಗಡಿಯ ಒಂದು ಊರು ನೆನಪಾಗಬೇಕು. ಬೆಳಗಾವಿ ದಾಟಿ ಸಂಕೇಶ್ವರದ ಹತ್ತಿರ ಹೆದ್ದಾರಿ ಬಿಟ್ಟು ಹೋದರೆ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ. ಅದರ ಹತ್ತಿರದ ಹಸೂರಚಂಪು ಎಂಬ ಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ವಿಷ್ಣು ಮಾಧವ ಘಾಟಗೆ ಗ್ಯೋಟಿಂಗೆನ್‌ಗೆ ಹೋಗಿ ಪ್ರಾಂಟ್ಲ್ ಅವರ ಕೈಕೆಳಗೇ ಡಾಕ್ಟರೇಟ್ ಮಾಡಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾದಾಗ ಅದರ ಮೊದಲ ಮುಖ್ಯಸ್ಥರು ಅವರೇ. ಎಚ್‌ಎಎಲ್‌ನಲ್ಲಿ ಅವರ ತಂಡ ವಿನ್ಯಾಸ ಮಾಡಿದ ತರಬೇತಿ ವಿಮಾನ ಎಚ್‌ಟಿ–2, 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ಗದಗದ ಹುಡುಗ ಈಗ ಬೋರ್ಡಿನ ಮೇಲೆ ಬರೆಯುತ್ತಿರುವ ಭಿನ್ನರಾಶಿಗೂ ಆ ವಿಮಾನಕ್ಕೂ ನಡುವೆ ಒಬ್ಬನೇ ಮನುಷ್ಯನ ಓಡಾಟದಷ್ಟು ದೂರ.

8.77ರ ಕೆಳಗೆ ಹೊಸ ಸಂಖ್ಯೆ ಬಂತು: 5.85 ನ್ಯೂಟನ್. ಅದರ ಸುತ್ತ ಚೌಕ ಎಳೆದರು. ಪಕ್ಕದಲ್ಲಿ ಸಮಯ ಬರೆದು ಸಹಿ ಹಾಕಿದರು. ಮೇಷ್ಟ್ರು ಕಾಕಾನ ಕಡೆ ತಲೆಯಾಡಿಸಿದರು.

*

ಫ್ಯಾನ್ ತಿರುಗಿದಾಗ ಮೊದಲು ಕೇಳುವುದು ಗೊರಗೊರ ಸದ್ದು. ವೇಗ ಏರಿದಂತೆ ಅದು ತೆಳ್ಳಗಾಗಿ ಒಂದೇ ಸ್ವರಕ್ಕೆ ನಿಲ್ಲುತ್ತದೆ. ಟನಲ್ ಬಾಯಿಯ ಹತ್ತಿರ ನಿಂತಿದ್ದರೆ ನಿಮ್ಮ ಅಂಗಿಯ ತುದಿ ಆ ಕಡೆಗೆ ಎಳೆಯುತ್ತದೆ. ಹೆಚ್ಚು ಹತ್ತಿರ ಹೋಗಬೇಡಿ. ಕಾಕಾ ಆಗಲೇ ಮೇಜಿನ ಮೇಲಿನ ಹಾಳೆಗಳ ಮೇಲೆ ಸ್ಪ್ಯಾನರ್ ಇಟ್ಟಿದ್ದಾರೆ.

ಹರಿಯುವ ಗಾಳಿಯ ಒತ್ತಡ ತೋರಿಸುವ ಮ್ಯಾನೋಮೀಟರಿನ ಬಣ್ಣದ ನೀರು ಒಂದು ಕೊಳವೆಯಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತಿದೆ. ಹುಡುಗಿ ಅಳೆದು ಕೂಗಿದಳು. “34!” 34 ಮಿ.ಮೀ. ನೀರು. ಗಾಳಿ ಪುಸ್ತಕದ್ದಾಗಿದ್ದರೆ ಇದೇ ವೇಗಕ್ಕೆ 39 ಇರಬೇಕಿತ್ತು. ಬ್ಯಾರೋಮೀಟರ್ ಹೇಳಿದ ಮಾತನ್ನು ಮ್ಯಾನೋಮೀಟರ್ ಬೇರೆ ದಾರಿಯಿಂದ ಬಂದು ಒಪ್ಪಿಕೊಂಡಿದೆ. ಎರಡು ಉಪಕರಣ, ಎರಡು ತತ್ವ, ಒಂದೇ ಉತ್ತರ. ಪರೀಕ್ಷೆ ಮಾಡುವವರಿಗೆ ಇಂಥ ಗಳಿಗೆ ಬಹಳ ಬೆಲೆಯುಳ್ಳದ್ದು.

ಬ್ಯಾಲೆನ್ಸಿನ ಪರದೆಯಲ್ಲಿ ಅಂಕಿಗಳು ಕುಣಿಯುತ್ತಿವೆ: 5.2, 5.4, 5.3. ಹುಡುಗಿ ಒಂದು ನಿಮಿಷದ ಸರಾಸರಿ ತೆಗೆದು ‘ಅಳತೆ’ ಕಾಲಂನಲ್ಲಿ ಬರೆದಳು: 5.3.

ಲೆಕ್ಕ 5.85, ಅಳತೆ 5.3. ಶೇ 9ರಷ್ಟು ಕಡಿಮೆ.

“ಸರ್, 0.9 ಅಂತ ಒಂದು ಕರೆಕ್ಷನ್ ಫ್ಯಾಕ್ಟರ್ ಹಾಕಿದ್ರ ಬರೋಬ್ಬರಿ ಕೂಡ್ತೈತ್ರಿ,” ಅಂದ ಹುಡುಗ.

“ಕೂಡ್ತೈತಿ. ಆದ್ರ ಆ 0.9 ಯಾರ ಹೆಸರು? ಗಾಳೀದೋ, ರೆಕ್ಕೀದೋ, ಬ್ಯಾಲೆನ್ಸಿಂದೋ? ಹೆಸರಿಲ್ಲದ ನಂಬರ್ ಬ್ಯಾಡ.”

ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲಿ. ಮಾದರಿ ಕಟ್ಟುವ ಕೆಲಸದಲ್ಲಿ ಅತ್ಯಂತ ಸುಲಭದ ದಾರಿ ಇದು: ಉತ್ತರ ಕೂಡದಿದ್ದರೆ ಒಂದು ಗುಣಕ ತುರುಕುವುದು. 6 ಡಿಗ್ರಿಗೆ ಅದು ಕೆಲಸ ಮಾಡುತ್ತದೆ. 10 ಡಿಗ್ರಿಗೆ, ಬೇರೆ ವೇಗಕ್ಕೆ, ಬೇರೆ ರೆಕ್ಕೆಗೆ ಮಾಡುತ್ತದೆ ಎಂದು ಯಾರು ಹೇಳಬೇಕು? ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ಮಾದರಿ ಬೆಳೆಯುತ್ತದೆ. ಗುಣಕ ಹಾಕಿ ಮುಚ್ಚಿದರೆ ಆ ದೋಷ ಒಳಗೇ ಕೂತು ಇನ್ನೊಂದು ದಿನ, ಇನ್ನೂ ದುಬಾರಿಯ ಜಾಗದಲ್ಲಿ ಹೊರಬರುತ್ತದೆ.

ಮೊದಲ ಸಂಶಯ ಕೋನದ ಮೇಲೆ. ರೆಕ್ಕೆಗೆ ಪ್ರತಿ ಡಿಗ್ರಿಗೆ ಸುಮಾರು 1 ನ್ಯೂಟನ್ ಲಿಫ್ಟ್. ಅಂದರೆ ಅರ್ಧ ಡಿಗ್ರಿ ತಪ್ಪಿದ್ದರೂ ಈ ವ್ಯತ್ಯಾಸವೆಲ್ಲ ಅಲ್ಲೇ ಮುಗಿಯುತ್ತದೆ. ಅದನ್ನು ಹಿಡಿಯುವುದು ಹೇಗೆ? ರೆಕ್ಕೆ ಮೇಲೆ ಕೆಳಗೆ ಒಂದೇ ಬಾಗಿನದು. ಆದ್ದರಿಂದ 6 ಡಿಗ್ರಿ ಮೇಲಕ್ಕೆ ಒಡ್ಡಿದಾಗ ಎಷ್ಟು ಮೇಲಕ್ಕೆ ಎಳೆಯುತ್ತದೋ, 6 ಡಿಗ್ರಿ ಕೆಳಕ್ಕೆ ಒಡ್ಡಿದಾಗ ಅಷ್ಟೇ ಕೆಳಕ್ಕೆ ಎಳೆಯಬೇಕು.

ಫ್ಯಾನ್ ನಿಲ್ಲಿಸಿ, ಕೋನದ ತಟ್ಟೆಯ ಬೋಲ್ಟ್ ಸಡಿಲಿಸಿ, ರೆಕ್ಕೆಯ ಮೂತಿ ಕೆಳಗೆ ಮಾಡಿ ಮತ್ತೆ ಬಿಗಿದರು. ಮತ್ತೆ ಗೊರಗೊರ, ಮತ್ತೆ ಒಂದೇ ಸ್ವರ. ಪರದೆಯಲ್ಲಿ ಈಗ ಋಣ ಚಿಹ್ನೆಯೊಂದಿಗೆ 5.9.

ಗುಂಪು ಹತ್ತಿರ ಸರಿಯಿತು. ಮೇಲಕ್ಕೆ 5.3, ಕೆಳಕ್ಕೆ 5.9. ಸರಾಸರಿ 5.6. ಆಚೀಚೆ 0.3 ನ್ಯೂಟನ್, ಅಂದರೆ ಸುಮಾರು 0.3 ಡಿಗ್ರಿಯ ಓರೆ. ತಟ್ಟೆಯ ಸೊನ್ನೆ ನಿಜವಾದ ಸೊನ್ನೆಯಲ್ಲ, ಅಥವಾ ಟನಲ್ಲಿನ ಗಾಳಿಯೇ ಅಷ್ಟು ಓರೆಯಾಗಿ ಬರುತ್ತಿದೆ. ಯಾವುದೆಂದು ಗೊತ್ತಾಗಲು ಮಾಡೆಲನ್ನು ಬೋರಲು ಹಾಕಿ ಇನ್ನೊಮ್ಮೆ ಅಳೆಯಬೇಕು, ಆ ಕೆಲಸ ಪಟ್ಟಿಗೆ ಸೇರಿತು. ದೊಡ್ಡ ಟನಲ್ಲುಗಳಲ್ಲೂ ಇದೇ ಕ್ರಮ: ನೆಟ್ಟಗೊಮ್ಮೆ, ಬೋರಲೊಮ್ಮೆ.

5.85ಕ್ಕೂ 5.6ಕ್ಕೂ ನಡುವೆ ಇನ್ನೂ ಕಾಲು ನ್ಯೂಟನ್ ಉಳಿದಿದೆ. ಪ್ರಾಂಟ್ಲ್ ಸೂತ್ರದ ಸರಳ ರೂಪ ರೆಕ್ಕೆಯ ಉದ್ದಕ್ಕೂ ಲಿಫ್ಟ್ ದೀರ್ಘವೃತ್ತದಂತೆ ಹಂಚಿಕೆಯಾಗಿದೆ ಎಂದು ಹಿಡಿಯುತ್ತದೆ. ನಮ್ಮದು ಆಯತಾಕಾರದ ರೆಕ್ಕೆ. ಅದಕ್ಕೆ ಬ್ರಿಟನ್ನಿನ ಹರ್ಮನ್ ಗ್ಲಾವರ್ಟ್ ಕೊಟ್ಟ ತಿದ್ದುಪಡಿ ಹಾಕಿದರೆ ಲೆಕ್ಕ 5.6ರ ಹತ್ತಿರಕ್ಕೆ ಇಳಿಯುತ್ತದೆ. ಹುಡುಗ ಚಪ್ಪಾಳೆ ತಟ್ಟಿದ.

ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ. “ಭಾಳ ಚಲೋ ಕೂಡಿತು. ಅದಕ್ಕ ಇನ್ನೊಮ್ಮೆ ನೋಡ್ರಿ.”

ಅವರು ಬೋರ್ಡಿನ ಮೂಲೆಯಲ್ಲಿ ಎರಡು ಬಾಣ ಬರೆದರು. ಒಂದು ಮೇಲಕ್ಕೆ: ಟನಲ್ಲಿನ ಗೋಡೆಗಳು ರೆಕ್ಕೆಗೆ ಹತ್ತಿರ ಇವೆ, ಬಯಲಿನಲ್ಲಿ ಹರಡಿಕೊಳ್ಳುತ್ತಿದ್ದ ಗಾಳಿಯನ್ನು ತಡೆದು ಲಿಫ್ಟನ್ನು ಸ್ವಲ್ಪ ಹೆಚ್ಚಿಸಿ ತೋರಿಸುತ್ತವೆ. ಇನ್ನೊಂದು ಕೆಳಕ್ಕೆ: ರೆಕ್ಕೆಯ ಗಾತ್ರ, ವೇಗ ಮತ್ತು ಗಾಳಿಯ ಜಿಗುಟನ್ನು ಒಟ್ಟಿಗೆ ಹೇಳುವ ರೆನಾಲ್ಡ್ಸ್ ಸಂಖ್ಯೆ ಈ ಪುಟ್ಟ ರೆಕ್ಕೆಗೆ ಬರೀ 1.4 ಲಕ್ಷ. ಮನುಷ್ಯ ಕೂತು ಹಾರುವ ವಿಮಾನದಲ್ಲಿ ಅದು ಹತ್ತಾರು ಲಕ್ಷ. ಕಡಿಮೆ ರೆನಾಲ್ಡ್ಸ್ ಸಂಖ್ಯೆಯಲ್ಲಿ ಮೈಗೆ ಅಂಟಿದ ಗಾಳಿಯ ಪದರ ದುರ್ಬಲ, ಬೇಗ ಬಿಟ್ಟುಕೊಡುತ್ತದೆ, ಹಾಗಾಗಿ ಲಿಫ್ಟ್ ಕಡಿಮೆಯಾಗುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂ ಇಲ್ಲ. ಎರಡೂ ಒಂದನ್ನೊಂದು ನುಂಗಿಕೊಂಡು ಉತ್ತರ ಸರಿಬಂದಂತೆ ಕಾಣುತ್ತಿರಬಹುದು. ಒಂದೇ ಕೋನದಲ್ಲಿ, ಒಂದೇ ವೇಗದಲ್ಲಿ ಕೂಡಿದ ಉತ್ತರವನ್ನು ನಂಬಬಾರದು. ವೇಗ ಬದಲಿಸಿ, ಕೋನ ಬದಲಿಸಿ, ಪ್ರತಿ ಸಲ ಮುಂಚೆಯೇ ಬರೆದು ಅಳೆಯಬೇಕು.

ಲೋಕದ ಮೊದಲ ವಿಮಾನ ಹುಟ್ಟಿದ್ದು ಇಂಥದೇ ಹಟದಿಂದ. 1901ರಲ್ಲಿ ರೈಟ್ ಸಹೋದರರ ಗ್ಲೈಡರ್ ಲೆಕ್ಕದಲ್ಲಿ ಬಂದ ಲಿಫ್ಟಿನ ಮೂರನೇ ಒಂದು ಭಾಗ ಮಾತ್ರ ಕೊಟ್ಟಿತು. ಅವರು ರೆಕ್ಕೆಯನ್ನು ಮೂರು ಪಟ್ಟು ದೊಡ್ಡದು ಮಾಡಿ ಸುಮ್ಮನಾಗಲಿಲ್ಲ. ಆರು ಅಡಿಯ ಮರದ ಪೆಟ್ಟಿಗೆಯಲ್ಲಿ ತಮ್ಮದೇ ವಿಂಡ್ ಟನಲ್ ಕಟ್ಟಿ, ಸುಮಾರು 200 ಆಕಾರದ ಪುಟ್ಟ ರೆಕ್ಕೆಗಳನ್ನು ಅಳೆದರು. ನೂರಕ್ಕೂ ಹೆಚ್ಚು ವರ್ಷಗಳಿಂದ ಬಳಕೆಯಲ್ಲಿದ್ದ ಗಾಳಿಯ ಒತ್ತಡದ ಗುಣಾಂಕ 0.005 ತಪ್ಪು, ಅದು 0.0033ರ ಹತ್ತಿರ ಇದೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. 1903ರ ಡಿಸೆಂಬರ್ 17ರ ಹಾರಾಟ ಆ ಪೆಟ್ಟಿಗೆಯಿಂದ ಹೊರಟದ್ದು.

ಪರೀಕ್ಷೆ ಯಾವಾಗಲೂ ಲೆಕ್ಕವನ್ನು ಕೆಡವುತ್ತದೆ ಎಂದೇನಿಲ್ಲ. ಗಾಳಿ ನುಣುಪಾಗಿ ಹರಿಯುವಾಗ ಹಲಗೆಯ ಮೇಲೆ ಎಷ್ಟು ತಿಕ್ಕಾಟ ಹುಟ್ಟುತ್ತದೆ ಎಂದು ಪ್ರಾಂಟ್ಲ್ ಶಿಷ್ಯ ಬ್ಲಾಸಿಯಸ್ 1908ರಲ್ಲೇ ಲೆಕ್ಕ ಕೊಟ್ಟಿದ್ದ. ಆ ಸಣ್ಣ ಬಲವನ್ನು ನೇರವಾಗಿ ಅಳೆಯುವ ಉಪಕರಣವನ್ನು ಕ್ಯಾಲ್ಟೆಕ್‌ನಲ್ಲಿ ಡಾಕ್ಟರೇಟಿಗಾಗಿ ಕಟ್ಟಿ, ಲೆಕ್ಕ ಸರಿಯೆಂದು ತೋರಿಸಿದವರಲ್ಲಿ ಸತೀಶ್ ಧವನ್ ಒಬ್ಬರು. 1951ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಟನಲ್ಲುಗಳನ್ನು ಕಟ್ಟಿಸಿದರು, ವಿದ್ಯಾರ್ಥಿಗಳನ್ನು ಬೆಳೆಸಿದರು. ಅವರ ಕೈಯಲ್ಲಿ ಕಲಿತ ರೊದ್ದಂ ನರಸಿಂಹ 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್‌ಎಎಲ್‌ನ ನಿರ್ದೇಶಕರಾಗಿದ್ದರು. ಗಾಳಿಯ ಹರಿವಿನ ಸಮೀಕರಣ ಬಿಡಿಸಲೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ 1986ರಲ್ಲಿ ಅಲ್ಲಿ ತಯಾರಾಯಿತು. ಒಂದೇ ಆವರಣದಲ್ಲಿ ಟನಲ್ಲೂ ಕಂಪ್ಯೂಟರೂ ಇದ್ದವು, ಒಂದು ಇನ್ನೊಂದನ್ನು ತಿದ್ದುತ್ತಿತ್ತು.

*

ಊಟದ ಬಿಡುವು. ಮೇಜಿನ ಒಂದು ಕಡೆ ಡಬ್ಬಿಗಳು ತೆರೆದಿವೆ: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಲೆ. ಇನ್ನೊಂದು ಕಡೆ ಲ್ಯಾಪ್‌ಟಾಪಿನಲ್ಲಿ ಇಸ್ರೋ ಬಿಡುಗಡೆ ಮಾಡಿದ ವಿಡಿಯೋ. ರೊಟ್ಟಿ ಮುರಿಯುತ್ತ ನೀವೂ ಬಗ್ಗಿ ನೋಡುತ್ತೀರಿ.

ಜಾಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಹುಬ್ಬಳ್ಳಿಯಿಂದ ಹಾವೇರಿ, ದಾವಣಗೆರೆ ದಾಟಿ ಚಿತ್ರದುರ್ಗಕ್ಕೆ ಹೋದರೆ ಅಲ್ಲಿಂದ ಹತ್ತಿರ. ಬಯಲುಸೀಮೆಯ ಆ ವಿಶಾಲ ಒಣನೆಲದಲ್ಲಿ ವಿಮಾನ ಪರೀಕ್ಷೆಗೆಂದೇ ಕಟ್ಟಿದ ರನ್‌ವೇ. ದಿನ 2024ರ ಜೂನ್ 23, ಬೆಳಗಿನ 7 ಗಂಟೆ 10 ನಿಮಿಷ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಲ್ಲಿದೆ, ಹೊಟ್ಟೆಯ ಕೆಳಗೆ ತೂಗುಬಿದ್ದಿದೆ ಪುಷ್ಪಕ್, ಮತ್ತೆ ಮತ್ತೆ ಬಳಸಬಹುದಾದ ರಾಕೆಟ್ಟಿನ ರೆಕ್ಕೆಯುಳ್ಳ ನಮೂನೆ. ಒಳಗೆ ಪೈಲಟ್ ಇಲ್ಲ. ಎಂಜಿನ್ ಕೆಲಸವೂ ಇಲ್ಲ. ಕೊಂಡಿ ಕಳಚುತ್ತದೆ.

ಗಿಡ್ಡ ರೆಕ್ಕೆಯ ಈ ಯಂತ್ರಕ್ಕೆ ಎಳೆತದ ಎದುರು ಲಿಫ್ಟ್ ಕಡಿಮೆ. ತೇಲುವುದಿಲ್ಲ, ಮೂತಿ ಬಗ್ಗಿಸಿ ಕಡಿದಾಗಿ ಇಳಿಯುತ್ತದೆ. ರನ್‌ವೇ 4.5 ಕಿ.ಮೀ. ಮುಂದಿದೆ, ಜೊತೆಗೆ ಯಂತ್ರ ಅದರ ನೇರದಿಂದ 500 ಮೀಟರ್ ಪಕ್ಕಕ್ಕಿದೆ. ಗಾಳಿಯೂ ಜೋರಾಗಿದೆ. ಇಳಿಯುತ್ತಲೇ ಅದು ತನ್ನಷ್ಟಕ್ಕೆ ಓರೆಯಾಗಿ, ತಿರುಗಿ, ರನ್‌ವೇಯ ನಡುಗೆರೆಗೆ ಬಂದು ಸೇರುತ್ತದೆ. ತಾನೆಲ್ಲಿದ್ದೇನೆಂದು ತಿಳಿಯಲು ಅದಕ್ಕೆ ಜಡತ್ವ ಸಂವೇದಕ, ರೇಡಾರ್ ಆಲ್ಟಿಮೀಟರ್, ಮೈಮೇಲಿನ ರಂಧ್ರಗಳಿಂದ ಗಾಳಿಯ ಒತ್ತಡ ಅಳೆಯುವ ವ್ಯವಸ್ಥೆ, ಉಪಗ್ರಹದಂತೆ ನೆಲದಿಂದಲೇ ಸಂಕೇತ ಕಳಿಸುವ ಸೂಡೋಲೈಟ್, ನಾವಿಕ್ ಉಪಗ್ರಹಗಳ ಸಂಕೇತ ಎಲ್ಲವೂ ಬೇಕು. ಚಕ್ರ ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿ.ಮೀ. ದಾಟಿದೆ. ಪ್ರಯಾಣಿಕರ ವಿಮಾನ ಇಳಿಯುವುದು ಸುಮಾರು 260ರಲ್ಲಿ. ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗ 100ರ ಹತ್ತಿರಕ್ಕೆ ಬರುತ್ತದೆ, ಆಮೇಲೆ ಬ್ರೇಕು.

ಹುಡುಗಿ ರೊಟ್ಟಿ ಕೈಯಲ್ಲೇ ಹಿಡಿದು ಕೇಳಿದಳು. “ಸರ್, ಬೇಕಂತನ 500 ಮೀಟರ್ ಆಚೆ ಬಿಟ್ರೇನ್ರಿ?”

ಬೇಕಂತಲೇ. ಈ ಪ್ರಯೋಗದ ಜೀವ ಅಲ್ಲಿದೆ. 2023ರ ಏಪ್ರಿಲ್ 2ರಂದು ಮೊದಲ ಸಲ ಬಿಟ್ಟಾಗ ಗುರಿ ಸರಳವಾಗಿತ್ತು: ತಾನೇ ಇಳಿಯಬೇಕು. ಇಳಿಯಿತು. 2024ರ ಮಾರ್ಚ್ 22ರಂದು ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಜೂನ್‌ನಲ್ಲಿ 500 ಮೀಟರ್, ಅದೂ ಹಿಂದಿನ ಸಲ ಇಳಿದ ಅದೇ ದೇಹ ಬಳಸಿ. ಪ್ರತಿ ಸಲವೂ ಮಾದರಿ ಎಲ್ಲಿ ಮುರಿಯಬಹುದೋ ಆ ಕಡೆಗೆ ಒಂದು ಹೆಜ್ಜೆ ಮುಂದೆ ಹೋದರು.

ಆ ಹೆಜ್ಜೆ ಇಡುವ ಧೈರ್ಯ ಎಲ್ಲಿಂದ ಬಂತು? ಇದೇ ಸರಣಿಯ ಮೊದಲ ಯಂತ್ರ 2016ರ ಮೇ 23ರಂದು ಶ್ರೀಹರಿಕೋಟಾದಿಂದ ಏರಿ, 65 ಕಿ.ಮೀ. ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ಹಿಂದಿರುಗಿ ಬಂಗಾಳ ಕೊಲ್ಲಿಗೆ ಇಳಿದಿತ್ತು. 6.5 ಮೀಟರ್ ಉದ್ದ, 1.75 ಟನ್ ತೂಕ. ಆ ಒಂದು ಹಾರಾಟಕ್ಕೆ ಮುಂಚೆ 120 ಗಂಟೆ ವಿಂಡ್ ಟನಲ್ ಪರೀಕ್ಷೆ, ಗಾಳಿಯ ಹರಿವಿನ ಕಂಪ್ಯೂಟರ್ ಲೆಕ್ಕಕ್ಕೆ 5,000 ಗಂಟೆ, ಹಾರಾಟದ ಸಿಮ್ಯುಲೇಶನ್ 1,100 ಸಲ ಆಗಿತ್ತು. ಹಾರಿದ್ದು 770 ಸೆಕೆಂಡ್.

1,100 ಸಲ ಯಾಕೆ ಎಂದು ನೀವು ಕೇಳಬಹುದು. ಸಮೀಕರಣ ಒಂದೇ: ಯಂತ್ರ ಮೂರು ದಿಕ್ಕಿಗೆ ಸರಿಯಬಲ್ಲದು, ಮೂರು ಅಕ್ಷದ ಸುತ್ತ ತಿರುಗಬಲ್ಲದು, ಈ ಆರು ಚಲನೆಗಳ ಲೆಕ್ಕ. ಆದರೆ ಅದಕ್ಕೆ ಕೊಡುವ ಸಂಖ್ಯೆ ಯಾವುದೂ ಪೂರ್ತಿ ಖಾತ್ರಿಯಲ್ಲ. ಟನಲ್ಲಿನಲ್ಲಿ ಅಳೆದ ಲಿಫ್ಟ್ ಶೇ ಇಷ್ಟು ಆಚೀಚೆ ಇರಬಹುದು, ಗಾಳಿ ಬೇರೆ ದಿಕ್ಕಿನಿಂದ ಬೀಸಬಹುದು, ಸಂವೇದಕ ತುಸು ತಪ್ಪು ಹೇಳಬಹುದು, ತೂಕದ ಕೇಂದ್ರ ಒಂದು ಬೆರಳು ಸರಿದಿರಬಹುದು. ಇವನ್ನೆಲ್ಲ ಒಂದೊಂದಾಗಿ, ಜೊತೆಜೊತೆಯಾಗಿ ಕೆಡಿಸಿ ಕೆಡಿಸಿ ಓಡಿಸಬೇಕು. ಎಷ್ಟು ಕೆಟ್ಟರೂ ಯಂತ್ರ ಕೊನೆಗೆ ಎಲ್ಲಿ ಮುಟ್ಟುತ್ತದೆ ಎಂಬ ಹರವು ಆಗ ಸಿಗುತ್ತದೆ. ಬೆಳಿಗ್ಗೆ ಈ ಲ್ಯಾಬಿನಲ್ಲಿ ಹಿಡಿದ 0.3 ಡಿಗ್ರಿಯ ಓರೆಗೆ ಆ ದೊಡ್ಡ ಲೆಕ್ಕದಲ್ಲೂ ಒಂದು ಸಾಲು ಇರುತ್ತದೆ.

*

ಮಧ್ಯಾಹ್ನ ಬಲ ಅಳೆಯುವ ಕೆಲಸ ಮುಂದುವರಿಯಿತು: 8 ಡಿಗ್ರಿ, 10, 12. ಪ್ರತಿ ಸಲ ಮೊದಲು ಸಂಖ್ಯೆ, ಆಮೇಲೆ ಫ್ಯಾನು. 10ರವರೆಗೆ ಅಳತೆಯ ಚುಕ್ಕೆಗಳು ಲೆಕ್ಕದ ಗೆರೆಯ ಪಕ್ಕದಲ್ಲೇ ನಡೆದವು. 12ಕ್ಕೆ ಚುಕ್ಕೆ ಕೆಳಗೆ ಬಾಗಿತು. ಮಾದರಿಯ ಸೀಮೆ ಕಾಣತೊಡಗಿತು.

ಇನ್ನು ಮುಂದಿನದನ್ನು ಕಣ್ಣಾರೆ ನೋಡಬೇಕು. ಕಾಕಾ ಗಾಜಿನ ಬಾಗಿಲು ತೆಗೆದು, ರೆಕ್ಕೆಯ ಮೇಲ್ಮೈಗೆ ಬಿಳಿ ಉಣ್ಣೆಯ ಗಿಡ್ಡ ಎಳೆಗಳನ್ನು ಸಾಲುಸಾಲಾಗಿ ಸೆಲ್ಲೋಟೇಪಿನಿಂದ ಅಂಟಿಸಿದರು. ಬಲ ಅಳೆಯುವಾಗ ಇವನ್ನು ಹಾಕುವುದಿಲ್ಲ, ಎಳೆಗಳೇ ಗಾಳಿಯನ್ನು ಕೆಣಕುತ್ತವೆ. ಈಗ ಬೇಕಾದದ್ದು ಸಂಖ್ಯೆಯಲ್ಲ, ನೋಟ.

ನಿಮ್ಮ ಮುಖ ಗಾಜಿಗೆ ತಾಗುವಷ್ಟು ಹತ್ತಿರ ಇದೆ. 6 ಡಿಗ್ರಿಗೆ ಎಲ್ಲ ಎಳೆಗಳೂ ಮೈಗೆ ಒತ್ತಿಕೊಂಡು ಹಿಂದಕ್ಕೆ ನೆಟ್ಟಗೆ ಮಲಗಿವೆ, ಒಂದೂ ಅಲುಗುತ್ತಿಲ್ಲ. 12ಕ್ಕೆ ಹಿಂಬದಿಯ ಸಾಲು ನಡುಗತೊಡಗಿತು. 14ಕ್ಕೆ ನಡುವಿನ ಸಾಲೂ ನಡುಗಿತು, ಕೆಲವು ಎಳೆ ಪಕ್ಕಕ್ಕೆ ಹೊರಳಿದವು. 16ಕ್ಕೆ ನಡುಭಾಗದ ಎಳೆಗಳು ಎದ್ದು, ತಿರುಗಿ, ಗಾಳಿ ಬರುವ ಕಡೆಗೇ ಮುಖ ಮಾಡಿ ಬಡಿದಾಡುತ್ತಿವೆ. ಅಲ್ಲಿ ಗಾಳಿ ಹಿಂದಕ್ಕೆ ಹರಿಯುತ್ತಿಲ್ಲ, ಮುಂದಕ್ಕೆ ಬರುತ್ತಿದೆ. ತುದಿಗಳ ಹತ್ತಿರದ ಎಳೆಗಳು ಮಾತ್ರ ಇನ್ನೂ ಶಾಂತ, ಬೆಳಿಗ್ಗೆ ಲಿಫ್ಟ್ ಕಸಿದುಕೊಂಡ ತುದಿಸುಳಿಗಳು ಇಲ್ಲಿ ಗಾಳಿಯನ್ನು ಮೈಗೆ ಹಿಡಿದಿಟ್ಟಿವೆ. ಪ್ರಾಂಟ್ಲ್ ಗೆರೆ 16 ಡಿಗ್ರಿಗೆ 15 ನ್ಯೂಟನ್ ದಾಟುತ್ತದೆ ಎನ್ನುತ್ತದೆ. ಪರದೆಯ ಅಂಕಿ ಏರುವ ಬದಲು ಇಳಿದಿದೆ. ಇದು ಸ್ಟಾಲ್.

“ಲೆಕ್ಕ ಸುಳ್ಳಾತಲ್ರಿ,” ಅಂದ ಹುಡುಗ.

“ಸುಳ್ಳಾಗ್ಲಿಲ್ಲ ತಮ್ಮಾ. ಎಲ್ಲೀತನ ಖರೇ ಅನ್ನೂದು ಗೊತ್ತಾತು. ಅದನ್ನ ಬರಿ.”

ಹುಡುಗ ಚೌಕದ ಪಕ್ಕದಲ್ಲಿ ಬರೆದ: ಈ ಮಾದರಿ 10 ಡಿಗ್ರಿಯವರೆಗೆ, 25 ಮೀ./ಸೆ. ವೇಗಕ್ಕೆ ಮಾತ್ರ. ಇಡೀ ದಿನದ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಸಾಲು ಇನ್ನೊಂದಿಲ್ಲ. ಮುಂದೆ ಯಾರಾದರೂ ಈ ಮಾದರಿಯನ್ನು ಕೈಗೆತ್ತಿಕೊಂಡರೆ, ಯಾವ ಗೆರೆ ದಾಟಬಾರದೆಂದು ಅವರಿಗೆ ಗೊತ್ತಿರುತ್ತದೆ. ಚಳ್ಳಕೆರೆಯ ಮೇಲೆ ಹೆಲಿಕಾಪ್ಟರಿನಿಂದ ಕೊಂಡಿ ಕಳಚಿದವರ ಹತ್ತಿರವೂ ಇದ್ದದ್ದು ಇಂಥ ಸೀಮೆಗಳ ಪಟ್ಟಿಯೇ, ಬಹಳ ಉದ್ದದ್ದು.

ಬಾಗಿಲ ಕಡೆ ಹೊರಡುವ ಮುಂಚೆ ಮೇಜಿನ ಮೇಲಿನ ಲ್ಯಾಬ್ ಜರ್ನಲ್ಲುಗಳ ರಾಶಿ ನೋಡಿ. ನಮ್ಮ ಕಾಲೇಜುಗಳಲ್ಲಿ ಜರ್ನಲ್ಲಿಗೆ ಅಂಕ ಬೀಳುವುದು ಉತ್ತರ ಕೂಡಿದ್ದಕ್ಕೆ. ಹೀಗಾಗಿ ಉತ್ತರ ಕೂಡಿಸುವುದನ್ನೇ ಹುಡುಗರು ಕಲಿಯುತ್ತಾರೆ, ಹೋದ ವರ್ಷದ ಪುಟ ಈ ವರ್ಷಕ್ಕೆ ಇಳಿಯುತ್ತದೆ. 1947ರಲ್ಲಿ ಹುಬ್ಬಳ್ಳಿಯಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಶುರುವಾದಾಗಿನಿಂದ 2016ರಲ್ಲಿ ಧಾರವಾಡಕ್ಕೆ ಐಐಟಿ ಬರುವವರೆಗೆ ಈ ಅವಳಿನಗರ ಎಂಜಿನಿಯರಿಂಗ್ ಕಲಿಕೆಯ ಊರಾಗಿ ಬೆಳೆದಿದೆ. ಇಲ್ಲಿಂದ ಹೊರಟ ಹುಡುಗ ಹುಡುಗಿಯರು ನಾಳೆ ಬೆಂಗಳೂರಿನ ಟನಲ್ಲುಗಳ ಮುಂದೆಯೂ ತಿರುವನಂತಪುರದ ಸಿಮ್ಯುಲೇಟರುಗಳ ಮುಂದೆಯೂ ಕೂರುವವರು. ಅಂಕ ಕೊಡುವ ಕ್ರಮವನ್ನು ಇಂದೇ ಬದಲಿಸಬಹುದು, ಅದಕ್ಕೆ ಹೊಸ ಯಂತ್ರ ಬೇಡ, ಅನುದಾನ ಬೇಡ. ಫ್ಯಾನ್ ಹಾಕುವ ಮುಂಚೆ ಬರೆದ ಸಂಖ್ಯೆಗೆ ಅಂಕ ಕೊಡಿ, ಅದು ತಪ್ಪಾಗಿದ್ದರೂ ಕೊಡಿ. ವ್ಯತ್ಯಾಸಕ್ಕೆ ಹುಡುಕಿದ ಕಾರಣಕ್ಕೆ ಹೆಚ್ಚು ಕೊಡಿ. ಮಾದರಿ ಎಲ್ಲಿಯವರೆಗೆ ನಿಲ್ಲುತ್ತದೆಂದು ಬರೆದ ಸಾಲಿಗೆ ಎಲ್ಲಕ್ಕಿಂತ ಹೆಚ್ಚು ಕೊಡಿ. ಹೀಗೆ ಕಲಿತವರ ಲೆಕ್ಕವನ್ನು ನಂಬಿ ನಾವು ವಿಮಾನ ಹತ್ತಬಹುದು.